ಅರ್ಸೆಲಾಸಿನ ತಗ್ಗು ಬಾಗಿಲು

ಅರ್ಸೆಲಾಸ್ ಎಂಬ ಊರಿನ ಜನಸಂಖ್ಯೆ ನೂರ ಹದಿನಾಲ್ಕು. ಈ ಸಾಲು ಬರೆಯಲು ನನಗೆ ಐದು ನಿಮಿಷ ಸಾಕಾಯಿತು. ಅದೇ ಊರಿನ ಚರಿತ್ರೆ ಬರೆಯಲು ಹೋಗಿ ಕೆಲಸ ಕಳೆದುಕೊಂಡೆ.

ನಾನು ಕೌಸಲ್ಯಾ, ಮೈಸೂರಿನವಳು. 2018ರಲ್ಲಿ ಬಾಥೆಲ್ ಊರಿನ ಕ್ಯಾನ್ಯನ್ ಪಾರ್ಕಿನ ಒಂದು ಆಫೀಸಿನಲ್ಲಿ ಇದ್ದೆ. ಅಮೆರಿಕದ ಸಿಯಾಟಲ್ ಪಕ್ಕದ ಊರು. ಫೋನಿನ ನಕಾಶೆಯ ಮೇಲೆ ಒಂದು ಹಳ್ಳಿಯನ್ನು ಬೆರಳಿಂದ ಒತ್ತಿದರೆ ಅದರ ಪರಿಚಯ ಬರುತ್ತದಲ್ಲ, ಅದನ್ನು ಬರೆಯುವುದು ನಮ್ಮ ಕೆಲಸ. ಚರಿತ್ರೆಗೆ ಎಂಟು ಸಾಲು, ಜನಸಂಖ್ಯೆಗೆ ಒಂದು ಸಾಲು. ಫ್ರಾನ್ಸಿನ ನಾನೂರು ಹಳ್ಳಿಗಳು ನನ್ನ ಪಾಲಿಗೆ ಬಂದಿದ್ದವು. ಇಡೀ ಆಫೀಸಿನಲ್ಲಿ ಫ್ರೆಂಚ್ ಓದಬಲ್ಲವಳು ನಾನೊಬ್ಬಳೇ.

ನನಗೆ ಫ್ರೆಂಚ್ ಹೇಗೆ ಬಂತು ಎಂದು ಎಲ್ಲರೂ ಕೇಳುತ್ತಾರೆ. ಕೇಳುವಾಗ ಹುಬ್ಬು ಮೇಲೆ ಹೋಗುತ್ತದೆ. ಪಿಯುಸಿಯಲ್ಲಿ ತಗೊಂಡೆ, ಅಷ್ಟೆ. ಸಂಸ್ಕೃತದ ತರಗತಿಯಲ್ಲಿ ಮೇಷ್ಟರು ಮೊದಲ ದಿನವೇ ನನ್ನ ಅಪ್ಪ ಅಮ್ಮ ಏನು ಮಾಡುತ್ತಾರೆ ಎಂದು ಕೇಳಿದರು. ಹೇಳಿದೆ. ಆಮೇಲೆ ಅವರು ನನ್ನ ಕಡೆ ತಿರುಗಲೇ ಇಲ್ಲ. ಮೂರನೆಯ ದಿನ ಎದ್ದು ಪಕ್ಕದ ಕೋಣೆಗೆ ಹೋದೆ. ಅಲ್ಲಿ ಫ್ರೆಂಚ್ ನಡೆಯುತ್ತಿತ್ತು. ಆ ಭಾಷೆಯ ಬಾಗಿಲಲ್ಲಿ ಯಾರ ತಾತನೂ ಕೋಲು ಹಿಡಿದು ನಿಂತಿರಲಿಲ್ಲ. ಹಾಗಂದುಕೊಂಡಿದ್ದೆ.

ಅರ್ಸೆಲಾಸ್ ಫ್ರಾನ್ಸಿನ ದಕ್ಷಿಣದಲ್ಲಿ, ಬೆಟ್ಟದ ಬುಡದಲ್ಲಿದೆ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ನಾನೂರ ಹನ್ನೆರಡು ಜನ. ಅರವತ್ತು ವರ್ಷ ಕಳೆದ ಮೇಲೆ ಐನೂರ ಮೂವತ್ತು. ಮೊದಲ ಮಹಾಯುದ್ಧ ಮುಗಿದಾಗ ಮುನ್ನೂರ ಒಂದು. ಶಾಲೆ ಮುಚ್ಚಿತು. ರೊಟ್ಟಿ ಅಂಗಡಿ ಮುಚ್ಚಿತು. ಈಗ ನೂರ ಹದಿನಾಲ್ಕು. ಕೆಳಗಿಳಿಯುತ್ತಾ ಹೋಗುವ ಆ ಅಂಕಿ ನೋಡಿ ನನಗೆ ಯಾಕೋ ಸಂಕಟವಾಗುತ್ತಿತ್ತು. ನನ್ನ ಮನೆಯ ಜನಸಂಖ್ಯೆ ಒಂದು. ಆಫೀಸಿನಿಂದ ಬಂದು ಬೀಗ ತೆಗೆದರೆ ಬೆಳಿಗ್ಗೆ ಇಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ಕೆಲವು ಶನಿವಾರ, ಭಾನುವಾರ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಸೋಮವಾರ ಆಫೀಸಿನಲ್ಲಿ ಮೊದಲ ಮಾತಾಡುವಾಗ ಗಂಟಲು ಕಟ್ಟಿರುತ್ತಿತ್ತು.

ಊರಿನ ಚರಿತ್ರೆಗೆ ಸಿಕ್ಕಿದ್ದು ಒಂದೇ ಪುಸ್ತಕ. ನೂರು ವರ್ಷಕ್ಕೂ ಹಿಂದೆ ಅಲ್ಲಿನ ಪಾದ್ರಿಯೊಬ್ಬ ಬರೆದಿದ್ದು. ಅದರಲ್ಲಿ ಒಂದು ಹಳೆಯ ಲೆಕ್ಕ ಇತ್ತು. ಆ ಕಾಲದಲ್ಲಿ ತಲೆ ಎಣಿಸುತ್ತಿರಲಿಲ್ಲ, ಒಲೆ ಎಣಿಸುತ್ತಿದ್ದರು. "ಊರಿನಲ್ಲಿ ಮೂವತ್ತೊಂಬತ್ತು ಒಲೆ. ಅದಲ್ಲದೆ ಹಳ್ಳದ ಆಚೆ ಏಳು."

ಅದಲ್ಲದೆ. ಆ ಪದದ ಮೇಲೆ ನನ್ನ ಕಣ್ಣು ನಿಂತುಬಿಟ್ಟಿತು. ನಲವತ್ತಾರು ಅಂತ ಬರೆಯಬಹುದಿತ್ತಲ್ಲ. ಯಾಕೆ ಕೂಡಿಸಲಿಲ್ಲ? ಹಳ್ಳದ ಆಚೆ ಇರುವವರು ಯಾರು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಹುಡುಕಿದೆ.

ಕಾಗೋ ಅಂತ ಅವರ ಹೆಸರು. ಅವರ ಬಣ್ಣ ಬೇರೆ ಅಲ್ಲ. ಭಾಷೆ ಬೇರೆ ಅಲ್ಲ. ದೇವರೂ ಬೇರೆ ಅಲ್ಲ. ಆದರೂ ಮುಟ್ಟುವ ಹಾಗಿಲ್ಲ. ಊರಿನ ನೀರು ಮುಟ್ಟುವ ಹಾಗಿಲ್ಲ. ಬರಿಗಾಲಲ್ಲಿ ನಡೆಯುವ ಹಾಗಿಲ್ಲ, ನೆಲ ಕೆಡುತ್ತದೆ. ಅಂಗಿಯ ಮೇಲೆ ಕೆಂಪು ಬಟ್ಟೆಯ ಗುರುತು ಹೊಲಿದುಕೊಳ್ಳಬೇಕು. ಚರ್ಚಿನಲ್ಲಿ ಪ್ರಸಾದದ ರೊಟ್ಟಿಯನ್ನು ಕೋಲಿನ ತುದಿಗೆ ಸಿಕ್ಕಿಸಿ ಕೊಡುತ್ತಿದ್ದರು. ಸತ್ತರೆ ಹೂಳುವ ಜಾಗವೂ ಬೇರೆ. ಯಾಕೆ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಮೊದಲಿಂದ ಹಾಗೇ ಅಂತೆ.

ಅರ್ಸೆಲಾಸಿನ ಏಳು ಒಲೆಯವರು ಬಡಗಿಗಳು. ಆ ಊರಿನ ಚರ್ಚಿನ ಮಾಡು ಕಟ್ಟಿದವರು ಅವರೇ. ತೊಲೆ ಹೊತ್ತವರು, ಏರಿಸಿದವರು, ಮೊಳೆ ಹೊಡೆದವರು. ಕೆಲಸ ಮುಗಿದ ಮೇಲೆ ಅವರಿಗಾಗಿ ದಕ್ಷಿಣದ ಗೋಡೆಯಲ್ಲಿ ಒಂದು ತಗ್ಗು ಬಾಗಿಲು ಮಾಡಿದರು. ಬಗ್ಗಿದರೆ ಮಾತ್ರ ಒಳಗೆ. ದೊಡ್ಡ ಬಾಗಿಲು ಅವರಿಗಲ್ಲ. ಇದನ್ನು ಪಾದ್ರಿ ಅರ್ಧ ಪುಟದಲ್ಲಿ ಬರೆದು, ಮುಂದಿನ ಪುಟದಲ್ಲಿ ಚರ್ಚಿನ ಗಂಟೆಯ ತೂಕದ ಬಗ್ಗೆ ಬರೆದಿದ್ದ.

ನನಗೆ ಕೂರಲಾಗಲಿಲ್ಲ. ಎದ್ದು ನೀರು ಕುಡಿದು ಬಂದೆ. ಏಳು ಸಮುದ್ರ ದಾಟಿ ಬಂದರೂ, ಯಾರದೋ ಹಳ್ಳಿ, ಯಾರದೋ ಚರ್ಚು, ಅಲ್ಲೂ ನಮ್ಮ ಬೀದಿಯೇ.

ಬಾಗಿಲು ಇನ್ನೂ ಇದೆಯೇ ಎಂದು ಕೇಳಿ ಆ ಊರಿನ ಪಂಚಾಯಿತಿ ಕಚೇರಿಗೆ ಪತ್ರ ಹಾಕಿದೆ. ವಾರಕ್ಕೆ ಎರಡು ದಿನ, ಬೆಳಗ್ಗೆ ಮಾತ್ರ ತೆರೆಯುವ ಕಚೇರಿ. ಅಲ್ಲಿನ ಗುಮಾಸ್ತೆ ಒದೀಲ್ ಎಂಬ ಹೆಂಗಸು. ನಾಲ್ಕನೆಯ ದಿನ ಉತ್ತರ ಬರೆದಳು. "ಇದೆ. ನನ್ನ ಭುಜದಷ್ಟು ಎತ್ತರ. ಈಗ ಅದಕ್ಕೆ ಬೀಗ ಹಾಕಿ ಹಿಂದೆ ಪೊರಕೆ, ಬಕೀಟು ಇಡುತ್ತಾರೆ. ನನ್ನ ತಾಯಿಯ ಕಡೆಯವರು ಹಳ್ಳದ ಆಚೆಯವರು. ಊರಿನಲ್ಲಿ ಎಲ್ಲರಿಗೂ ಗೊತ್ತು. ಯಾರೂ ಹೇಳುವುದಿಲ್ಲ. ನನ್ನ ಇಷ್ಟು ವರ್ಷದಲ್ಲಿ ಇದನ್ನು ಕೇಳಿದವರು ನೀವೇ ಮೊದಲು. ಬರೆಯಿರಿ."

ಬರೆದೆ. ಇಂಗ್ಲಿಷಿನಲ್ಲಿ ಎಂಟೇ ಸಾಲು. ಅದರಲ್ಲಿ ಎರಡು ಸಾಲು ಬಾಗಿಲಿಗೆ. "ದಕ್ಷಿಣದ ತಗ್ಗು ಬಾಗಿಲನ್ನು ಕಾಗೋ ಜನರಿಗಾಗಿ ಮಾಡಲಾಗಿತ್ತು. ಚರ್ಚಿನ ಮಾಡು ಕಟ್ಟಿದ ಬಡಗಿಗಳು ಅವರೇ, ಆದರೆ ದೊಡ್ಡ ಬಾಗಿಲಿನಿಂದ ಬರಲು ಅವರನ್ನು ಬಿಡುತ್ತಿರಲಿಲ್ಲ."

ನಾನು ಬರೆದದ್ದು ನಮ್ಮ ಟೀಮ್ ಲೀಡ್ ಅಶ್ವತ್ಥನಾರಾಯಣ ಅವರ ಬಳಿ ಹೋಗಬೇಕು. ಅವರು ಮೈಸೂರಿನವರೇ. ಅಗ್ರಹಾರದ ಹತ್ತಿರ ಮನೆ. ಇಲ್ಲಿಗೆ ಬಂದು ಇಪ್ಪತ್ತು ವರ್ಷ. ಯಾರ ಮೇಲೂ ದನಿ ಎತ್ತಿದವರಲ್ಲ. ಅವರು ತಿದ್ದಿ ವಾಪಸು ಕಳಿಸಿದರೆ ನಾನು ಕೊನೆಯಲ್ಲಿ ಒಂದು ಚೌಕದಲ್ಲಿ ಟಿಕ್ ಹಾಕಬೇಕು. "ಮೂಲವನ್ನು ಓದಿದ್ದೇನೆ, ಇದು ಅದಕ್ಕೆ ಸರಿಯಾಗಿದೆ" ಅಂತ ಅದರ ಅರ್ಥ. ಆ ಟಿಕ್ ಭಾಷೆ ಬಲ್ಲವರೇ ಹಾಕಬೇಕು, ಬೇರೆಯವರು ಹಾಕಲು ಬರುವುದಿಲ್ಲ. ಅದು ಬೀಳದೆ ಊರು ನಕಾಶೆಗೆ ಹೋಗುವುದಿಲ್ಲ.

ಸಂಜೆಯೊಳಗೆ ವಾಪಸು ಬಂತು. ನನ್ನ ಎರಡು ಸಾಲಿನ ಜಾಗದಲ್ಲಿ ಒಂದು ಸಾಲಿತ್ತು. "ದಕ್ಷಿಣದ ಗೋಡೆಯಲ್ಲಿ ಒಂದು ಮುದ್ದಾದ ಪುಟ್ಟ ಬಾಗಿಲಿದೆ."

ಮುದ್ದಾದ. ಮೈ ಉರಿದುಹೋಯಿತು.

ಅವರ ಕ್ಯಾಬಿನ್ನಿಗೆ ಹೋದೆ. "ಸರ್, ಇದು ಹಾಗಲ್ಲ. ಪುಸ್ತಕದಲ್ಲಿ ಹಾಗಿಲ್ಲ."

"ಗೊತ್ತಮ್ಮ, ನೀನು ಬರೆದಿದ್ದು ನೋಡ್ದೆ. ಆದ್ರೆ ಇದು ಟೂರಿಸ್ಟ್‌ಗಳು ಓದೋದು. ರಜದಲ್ಲಿ ಹೋಗ್ತಿರ್ತಾರೆ. ಅವ್ರಿಗೆ ಇದೆಲ್ಲ ಯಾಕೆ?"

"ತೆಗಿಯೋದಾದ್ರೆ ಪೂರ್ತಿ ತೆಗೀರಿ ಸರ್. ಮುದ್ದಾದ ಅಂದ್ರೆ ಸುಳ್ಳಾಗುತ್ತೆ."

"ಚಿಕ್ಕ ಬಾಗಿಲು ಚಿಕ್ಕದಾಗೇ ಇರುತ್ತಲ್ಲ, ಅದ್ರಲ್ಲಿ ಸುಳ್ಳೇನು ಬಂತು? ಊರಿಗೆ ಏನಾದ್ರೂ ಒಂದು ಅಟ್ರಾಕ್ಷನ್ ಬೇಡ್ವಾ?" ನಕ್ಕರು. "ತಲೆ ಕೆಡಿಸ್ಕೋಬೇಡ. ಟಿಕ್ ಮಾಡ್ಬಿಡು."

ಟಿಕ್ ಮಾಡಲಿಲ್ಲ. ನನ್ನ ಎರಡು ಸಾಲನ್ನು ಮತ್ತೆ ಹಾಕಿ ಕಳಿಸಿದೆ. ಅವರು ಮತ್ತೆ ತೆಗೆದು ಕಳಿಸಿದರು. ಹೀಗೆ ಮೂರು ಸಲ ಆಯಿತು. ಮುನ್ನೂರ ತೊಂಬತ್ತೊಂಬತ್ತು ಹಳ್ಳಿಗಳು ಮುಗಿದಿದ್ದವು. ಅರ್ಸೆಲಾಸ್ ಒಂದು ನಿಂತಿತು.

ಇಲ್ಲಿ ತಿಂಗಳ ಊಟದ ವಿಷಯ ಹೇಳಬೇಕು. ಅದನ್ನು ಹೇಳದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ.

ಬಾಥೆಲ್‌ನ ಸುತ್ತಮುತ್ತಲ ಕನ್ನಡದವರು ಹತ್ತು ಹನ್ನೆರಡು ಮನೆ ಸೇರಿ ಪ್ರತಿ ತಿಂಗಳ ಮೂರನೆಯ ಶನಿವಾರ ಒಂದು ಹಾಲ್ ಹಿಡಿದು ಊಟ ಮಾಡುತ್ತಿದ್ದರು. ಒಬ್ಬೊಬ್ಬರು ಒಂದೊಂದು ಅಡುಗೆ ತರಬೇಕು. ಪಟ್ಟಿ ಮಾಡುವವರು ಅಶ್ವತ್ಥನಾರಾಯಣ ಅವರ ಹೆಂಡತಿ ವಿಜಯಶ್ರೀ. ನಾನು ಬಂದ ಹೊಸದರಲ್ಲಿ ಹುರುಳಿಕಾಳಿನ ಬಸ್ಸಾರು ಮಾಡಿಕೊಂಡು ಹೋಗಿದ್ದೆ. ಪಾತ್ರೆ ಬಳಿದು ತಿಂದರು. ಕೈ ತೊಳೆಯುವಾಗ ವಿಜಯಶ್ರೀ ಮೇಡಂ ಕೇಳಿದರು, "ಮೈಸೂರಲ್ಲಿ ಎಲ್ಲಿ ನಿಮ್ಮನೆ?"

"ಪೌರಕಾರ್ಮಿಕರ ಕಾಲೋನಿ ಮೇಡಂ. ಅಮ್ಮ ಕಾರ್ಪೊರೇಷನ್ನಲ್ಲಿ ಕಸ ಗುಡಿಸ್ತಾರೆ."

"ಓ, ಹೌದಾ," ಅಂದರು. ತುಂಬಾ ಮೃದುವಾಗಿ ಅಂದರು. ಟವೆಲ್ ತಗೊಂಡು ಕೈ ಒರೆಸಿಕೊಂಡರು, ಒರೆಸಿಕೊಳ್ಳುತ್ತಲೇ ಇದ್ದರು.

ಮುಂದಿನ ತಿಂಗಳ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಅವರೇ ತುಂಬಿದ್ದರು. ಪೇಪರ್ ಪ್ಲೇಟು, ಲೋಟ, ನೀರು, ಐಸ್. "ಪಾಪ ಒಬ್ಬಳೇ ಇರ್ತೀಯ, ಅಡುಗೆ ಎಲ್ಲ ಯಾಕೆ ಕಷ್ಟ," ಅಂದರು. ಅದರ ಮುಂದಿನ ತಿಂಗಳೂ ಅದೇ. ನಾಲ್ಕು ವರ್ಷ ಅದೇ. ಒಂದು ಸಲ ಹೇಳದೆ ಕೇಳದೆ ಕಾಯಿ ಹೋಳಿಗೆ ಮಾಡಿಕೊಂಡು ಹೋದೆ. ಯಾರೋ ಅದನ್ನು ಒಳಗಿನ ಕಟ್ಟೆಯ ಮೇಲೆ ಇಟ್ಟು ಬಟ್ಟೆ ಮುಚ್ಚಿದರು. ಊಟ ಮುಗಿದ ಮೇಲೆ ನೋಡಿದರೆ ಎಣಿಸಿ ಇಟ್ಟ ಹಾಗೆ ಅಷ್ಟೂ ಇದ್ದವು. "ಅಯ್ಯೋ, ಮರೆತೇಹೋಯ್ತಮ್ಮ," ಅಂದರು. ವಾರವಿಡೀ ನಾನೊಬ್ಬಳೇ ಅದನ್ನು ತಿಂದೆ.

ನನಗೆ ಕಾರಿಲ್ಲ. ನೀರಿನ ಬಾಟಲಿಯ ಎರಡು ಕಟ್ಟು, ಐಸಿನ ಚೀಲ, ಪ್ಲೇಟಿನ ಚೀಲ, ಎಲ್ಲ ಹೊತ್ತು ಬಸ್ಸಿನಲ್ಲಿ ಹೋಗುತ್ತಿದ್ದೆ. ಸ್ಟಾಪಿನಿಂದ ಹಾಲಿಗೆ ಕಾಲು ಗಂಟೆ ನಡೆ. ಬೆರಳಿಗೆ ಪ್ಲಾಸ್ಟಿಕ್ ಕಚ್ಚಿ ಬಾಸುಂಡೆ ಬರುತ್ತಿತ್ತು. ಐಸು ಕರಗಿ ಚೂಡಿದಾರ ತೊಡೆಗೆ ಅಂಟುತ್ತಿತ್ತು. ಊಟವಾದ ಮೇಲೆ ಎಲ್ಲರೂ ಫೋಟೋ ತೆಗೆಸಿಕೊಳ್ಳುವಾಗ ಕಸದ ಚೀಲ ಕಟ್ಟುವವಳೂ ನಾನೇ. "ಕೌಸಲ್ಯಾ ಬಂದ್ರೆ ನಮಗೆ ಚಿಂತೆನೇ ಇಲ್ಲ, ಎಷ್ಟು ನೀಟಾಗಿ ಮಾಡ್ತಾಳೆ," ಅನ್ನುತ್ತಿದ್ದರು. ಯಾರೂ ನನ್ನನ್ನು ಬೈದಿಲ್ಲ. ಯಾರೂ ಜಾತಿ ಎಂಬ ಪದ ಎತ್ತಿಲ್ಲ. ಎತ್ತಿದ್ದರೆ ಕಪಾಳಕ್ಕೆ ಹೊಡೆಯಬಹುದಿತ್ತು.

ಹಾಗಾದರೆ ಯಾಕೆ ಹೋಗುತ್ತಿದ್ದೆ? ಕನ್ನಡ ಕೇಳುವುದಕ್ಕೆ. ಬೇರೆ ಕಾರಣವೇ ಇಲ್ಲ. ತಿಂಗಳಿಗೊಂದು ದಿನ, ಯಾರೋ ಯಾರಿಗೋ "ಏನ್ ಸಮಾಚಾರ" ಅನ್ನುವುದನ್ನು ಕೇಳುವುದಕ್ಕೆ. ಅದು ಎಂಥ ಹಸಿವು ಅಂತ ಒಬ್ಬರೇ ಇದ್ದವರಿಗೆ ಗೊತ್ತು. ನಾಚಿಕೆ ಬಿಟ್ಟು ಹೋಗುತ್ತಿದ್ದೆ. ಮರುದಿನ ಅಮ್ಮ ಫೋನಿನಲ್ಲಿ ಕೇಳುತ್ತಿದ್ದಳು. ನನ್ನಮ್ಮ ಜವರಮ್ಮ.

"ಊಟುಕ್ಕೆ ಹೋಗಿದ್ಯಾ ಮಗ? ಏನಿಕ್ಕುದ್ರು?"

"ಹೋಳಿಗೆ, ಹುಳಿ, ಚಿತ್ರಾನ್ನ. ಎಲ್ಲ ಇತ್ತವ್ವ."

"ದೊಡ್ಡೋರ್ ಜೊತೆ ಒಂದೇ ಪಂಕ್ತೀಲಿ ಕುಂತ್ಕಂಡು ಉಣ್ತೀಯಲ್ಲ ಮಗ. ನಂಗಷ್ಟೇ ಸಾಕು."

ಅವಳು ಅದನ್ನು ಕಾಲೋನಿಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಳು. ನಾನು ಹಲ್ಲು ಕಚ್ಚಿಕೊಂಡು ಹೂಂ ಅನ್ನುತ್ತಿದ್ದೆ.

ಆ ಊಟದಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ಭಾವನಾ ಒಬ್ಬಳೇ. ಆಫೀಸಿನಲ್ಲೂ ನನ್ನ ಎದುರು ಮೇಜು ಅವಳದು. ಗದಗದ ಕಡೆಯ ಹುಡುಗಿ, ನನಗಿಂತ ಆರು ವರ್ಷಕ್ಕೆ ಚಿಕ್ಕವಳು. ಅವಳು ತರುವ ರೊಟ್ಟಿ, ಎಣ್ಣೆಗಾಯಿಗೆ ಜನ ಮುಗಿಬೀಳುತ್ತಿದ್ದರು. ನನಗೆ ಕಸದ ಚೀಲ ಹಿಡಿಯಲು ಆಗೀಗ ಸಹಾಯಕ್ಕೆ ಬರುತ್ತಿದ್ದಳು. ವಿಜಯಶ್ರೀ ಮೇಡಂ ನೋಡಿದ ತಕ್ಷಣ ಬಿಟ್ಟು ಹೋಗುತ್ತಿದ್ದಳು. ಅರ್ಸೆಲಾಸಿನ ಕಥೆಯನ್ನು ನಾನು ಅವಳಿಗೆ ಹೇಳಿದ್ದೆ. ಕೈಯಲ್ಲಿದ್ದ ಚಮಚ ಹಾಗೇ ಹಿಡಿದು ಕೇಳಿದಳು. "ಬಿಡ್ರಿ ಅಕ್ಕಾ, ಸುಮ್ನ ಟಿಕ್ ಹಾಕಿಬಿಡ್ರಿ," ಅಂದಳು. ಅವಳೂ ಅವರ ಕಡೆಯೇ ಎಂದುಕೊಂಡೆ.

ಮೂರನೆಯ ಸಲ ವಾಪಸು ಬಂದ ವಾರದ ಶನಿವಾರವೇ ತಿಂಗಳ ಊಟ. ಹೋಗಬಾರದು ಅಂದುಕೊಂಡೆ, ಹೋದೆ. ಮೂವತ್ತನಾಲ್ಕು ಜನ. ಊಟ ಮುಗಿಯಿತು. ಪಕ್ಕದ ಮೂಲೆಯಲ್ಲಿ ಯಾರೋ ಹಾಡುತ್ತಿದ್ದರು. ನಾನು ಕಸದ ಚೀಲ ಎಳೆದುಕೊಂಡು ಹಿಂಬಾಗಿಲ ಕಡೆ ಹೊರಟಿದ್ದೆ. ಚೀಲ ಕೆಳಗೆ ಹರಿದಿತ್ತು. ಎಲ್ಲರ ಎಂಜಲು ಹುಳಿ, ಎಲ್ಲರ ಎಂಜಲು ಮಜ್ಜಿಗೆ ನನ್ನ ಪಾದದ ಮೇಲೆ ಇಳಿಯುತ್ತಿತ್ತು. ಅಶ್ವತ್ಥನಾರಾಯಣ ಅವರು ಪಂಚೆ ಎತ್ತಿ ಹಿಡಿದು ಆ ಕಡೆಯಿಂದ ಬಂದರು. ಒದ್ದೆ ನೋಡಿ ಒಂದು ಹೆಜ್ಜೆ ಸರಿದು ನಿಂತರು.

"ಕೌಸಲ್ಯಾ, ಸೋಮವಾರ ಕ್ಲೈಂಟ್‌ಗೆ ಡೆಲಿವರಿ. ಆ ಒಂದು ಊರು ಟಿಕ್ ಮಾಡ್ಬಿಡಮ್ಮ. ಹಟ ಮಾಡ್ಬೇಡ."

ಚೀಲ ಹಿಡಿದುಕೊಂಡೇ ನಿಂತೆ. ಆರಡಿ ದೂರದಲ್ಲಿ ನಿಂತು ಈ ಮನುಷ್ಯ ನನಗೆ ಆ ಬಾಗಿಲು ಮುದ್ದಾಗಿದೆ ಅಂತ ಸಹಿ ಹಾಕು ಅನ್ನುತ್ತಿದ್ದಾನೆ. ನನ್ನ ಕಾಲ ಮೇಲೆ ಅವನ ಎಂಜಲಿದೆ.

"ಮಾಡಲ್ಲ ಸರ್."

"ಏನಂದೆ?"

"ಮಾಡಲ್ಲ. ಅದು ಮುದ್ದಾದ ಬಾಗಿಲಲ್ಲ. ನಿಮಗೆ ಗೊತ್ತು."

ಹಾಡು ನಿಂತಿತು. ವಿಜಯಶ್ರೀ ಮೇಡಂ ಬಂದರು. "ಏನ್ರೀ ಅದು?"

"ಏನಿಲ್ಲ. ಯಾವ್ದೋ ಹಳ್ಳಿ ಚರ್ಚಿನ ಬಾಗಿಲು. ಆಫೀಸ್ ವಿಷಯ."

"ಊಟದ ಹೊತ್ತಲ್ಲಿ ಅದೆಲ್ಲ ಯಾಕೆ? ಕೌಸಲ್ಯಾ, ಒಳಗೆ ಇನ್ನೂ ಎರಡು ಬ್ಯಾಗ್ ಇದೆ ನೋಡಮ್ಮ. ಇದನ್ನ ಹಾಕಿ ಬಂದು ಅದನ್ನೂ ತಗೊಂಡ್ಹೋಗು."

ನಾನು ಚೀಲವನ್ನು ಅಲ್ಲೇ ಕೆಳಗಿಟ್ಟೆ. ಹಾಲಿನ ನಡುವೆ, ಹೊಳೆಯುವ ಮರದ ನೆಲದ ಮೇಲೆ. ನೀರು ಹರಿದು ಅವರ ಸೀರೆಯ ಕಡೆ ಹೊರಟಿತು.

"ಇದನ್ನೂ ನೀವೇ ತಗೊಂಡ್ಹೋಗಿ ಮೇಡಂ. ನಮ್ಮಮ್ಮ ಮೂವತ್ತೊಂದು ವರ್ಷ ಎತ್ತಿದಾಳೆ. ನಾನು ನಾಲ್ಕು ವರ್ಷ ಎತ್ತಿದೀನಿ. ಸಾಕು."

ಮೂವತ್ತಮೂರು ಜನ ನೆಲ ನೋಡುತ್ತಿದ್ದರು. ಭಾವನಾ ಒದ್ದೆ ಬಟ್ಟೆ ಹಿಡಿದು ಗೋಡೆಗೆ ಒರಗಿ ನಿಂತಿದ್ದಳು, ಅವಳೂ ನನ್ನ ಮುಖ ನೋಡಲಿಲ್ಲ. ನಾನು ಕಾಲು ತೊಳೆಯದೆಯೇ ಹೊರಟೆ. ಬಸ್ಸಿನಲ್ಲಿ ಪಾದದಿಂದ ಹುಳಿಯ ವಾಸನೆ ಬರುತ್ತಿತ್ತು. ಪಕ್ಕದ ಸೀಟಿನ ಬಿಳಿಯ ಮುದುಕಿ ಎದ್ದು ಬೇರೆ ಕಡೆ ಕೂತಳು. ಅವಳಿಗೆ ನಿಜವಾಗಿಯೂ ವಾಸನೆಯೇ ಕಾರಣ. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಸೋಮವಾರ ಒಂಬತ್ತಕ್ಕೇ ಅಶ್ವತ್ಥನಾರಾಯಣ ಕ್ಯಾಬಿನ್ನಿಗೆ ಕರೆದರು. ಬಾಗಿಲು ಮುಚ್ಚಲು ಹೇಳಿದರು. ನಾನು ಮುಚ್ಚಲಿಲ್ಲ. ಅವರೂ ಏಳಲಿಲ್ಲ.

"ನೋಡು ಕೌಸಲ್ಯಾ. ಶನಿವಾರದ್ದು ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ. ವಿಜಯಾಗೂ ಹೇಳ್ದೆ, ಏನೋ ಟೆನ್ಷನ್‌ನಲ್ಲಿದ್ದಾಳೆ ಅಂತ. ಈಗ ಕೆಲಸದ ವಿಷಯ. ನಿನ್ನ ವೀಸಾ ರಿನ್ಯೂವಲ್ ಈ ತಿಂಗಳೇ ನನ್ನ ಟೇಬಲ್‌ಗೆ ಬರುತ್ತೆ. ನಾನು ಬರೆದುಕೊಡ್ಬೇಕು. ಗೊತ್ತಲ್ಲ?"

"ಗೊತ್ತು ಸರ್."

"ಕೆಲಸ ಹೋದ್ರೆ ಅರವತ್ತು ದಿನ. ಅಷ್ಟ್ರಲ್ಲಿ ದೇಶ ಬಿಡ್ಬೇಕು. ಒಂದು ಬಾಗಿಲಿಗೋಸ್ಕರ?"

"ನೀವೂ ಒಂದು ಬಾಗಿಲಿಗೋಸ್ಕರನೇ ಅಲ್ವಾ ಸರ್ ಇಷ್ಟೆಲ್ಲ ಮಾಡ್ತಿರೋದು?"

ಅವರ ಕಿವಿ ಕೆಂಪಾಯಿತು. ಕನ್ನಡಕ ತೆಗೆದು ಒರೆಸಿದರು. "ನಾನೂರು ಊರು ಮಾಡಿದೀಯ. ಬೇರೆ ಯಾವ ಊರಿಗೂ ನೀನು ಹೀಗೆ ಆಡ್ಲಿಲ್ಲ. ಇದನ್ನ ಯಾಕೋ ಪರ್ಸನಲ್ಲಾಗಿ ತಗೊಂಡಿದೀಯ."

"ಹೌದು ಸರ್. ಪರ್ಸನಲ್ಲೇ."

"ಯಾಕೆ?"

"ಯಾಕೆ ಅಂತ ನೀವೇ ಹೇಳಿ."

"ನನಗೇನ್ ಗೊತ್ತು?"

"ನಿಮಗೆ ಗೊತ್ತು. ವಿಜಯಶ್ರೀ ಮೇಡಂಗೆ ಗೊತ್ತು. ನಾಲ್ಕು ವರ್ಷದಿಂದ ಎಲ್ಲರಿಗೂ ಗೊತ್ತು. ನಾನು ಮಾಡಿದ್ದನ್ನ ಯಾಕೆ ಯಾರೂ ತಿನ್ನಲ್ಲ? ನನ್ನ ಕೈಗೆ ಯಾಕೆ ಬರೀ ಪ್ಲೇಟು, ಬರೀ ಕಸ? ನಾನು ಯಾರು ಸರ್? ಒಂದು ಸಲ ಬಾಯಿ ಬಿಟ್ಟು ಹೇಳಿ."

ಅವರು ಕಂಪ್ಯೂಟರ್ ಕಡೆ ತಿರುಗಿದರು. ಸುಮ್ಮನೆ ಮೌಸ್ ಆಡಿಸಿದರು. ಪರದೆ ಖಾಲಿ ಇತ್ತು.

"ಹೇಳಿ ಸರ್."

"ನಾವು ಅದನ್ನೆಲ್ಲ ನಂಬಲ್ಲಮ್ಮ," ಅಂದರು. ಪಿಸುಮಾತಿನಲ್ಲಿ ಅಂದರು.

"ನಂಬದೆ ಇರೋದನ್ನ ಹೇಳೋಕೆ ಯಾಕೆ ಭಯ? ಸರಿ, ನಾನೇ ಹೇಳ್ತೀನಿ. ನಾನು ಮಾದಿಗರವಳು. ಜವರಮ್ಮನ ಮಗಳು. ನಮ್ಮಮ್ಮ ನಿಮ್ಮ ಅಗ್ರಹಾರದ ಬೀದಿ ಗುಡಿಸಿದ್ದಾಳೆ. ನೀರು ಕೇಳಿದ್ರೆ ನಿಮ್ಮ ಬೀದೀಲಿ ಮೇಲಿಂದ ಕೈಗೆ ಹುಯ್ತಿದ್ರು. ಅದೂ ನೋಡೋಕೆ ಮುದ್ದಾಗಿತ್ತಾ ಸರ್?"

ಜೋರಾಗಿಯೇ ಹೇಳಿದೆ. ತೆರೆದ ಬಾಗಿಲಿನಾಚೆ ಮೂವತ್ತು ಮೇಜುಗಳಿದ್ದವು. ಅಮೆರಿಕದವರು ತಲೆ ಎತ್ತಿ ನೋಡಿದರು, ಅವರಿಗೆ ಅರ್ಥವಾಗಲಿಲ್ಲ. ಕನ್ನಡ ಬರುವ ನಾಲ್ವರು ತಲೆ ಎತ್ತಲಿಲ್ಲ.

ಅಶ್ವತ್ಥನಾರಾಯಣ ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ದನಿ ಎತ್ತದೆಯೇ ಹೇಳಿದರು. "ನಿನ್ನ ಸಾಲೂ ಬೇಡ, ನನ್ನ ಸಾಲೂ ಬೇಡ. ಆ ಊರನ್ನೇ ಬಿಟ್ಬಿಡೋಣ. ನೂರು ಜನ ಇರೋ ಊರು, ಇಲ್ದಿದ್ರೆ ಯಾರಿಗೂ ಗೊತ್ತಾಗಲ್ಲ."

ಪಟ್ಟಿ ತೆಗೆದು ಅರ್ಸೆಲಾಸ್ ಸಾಲನ್ನು ಅಳಿಸಲು ಹೋದರು. ಪಟ್ಟಿಯಿಂದ ಒಂದು ಊರನ್ನು ಬಿಡಬೇಕಾದರೆ ಕಾರಣ ಬರೆಯಬೇಕು, ಅದೂ ಭಾಷೆ ಬಲ್ಲವರೇ ಬರೆಯಬೇಕು. ಅದು ಕಂಪನಿಯ ನಿಯಮ. ಆ ಕಾರಣ ನೇರ ಕ್ಲೈಂಟಿಗೆ ಹೋಗುತ್ತದೆ. "ಮಾಹಿತಿ ಸಾಲದು ಅಂತ ಬರೆದುಬಿಡು," ಅಂದರು.

ನನ್ನ ಮೇಜಿಗೆ ಬಂದು ಕೂತೆ. ಅಮ್ಮನ ನೆನಪಾಯಿತು. ಪ್ರತಿ ತಿಂಗಳೂ ಸುಳ್ಳು ಹೇಳಿದ್ದೇನೆ, ಇನ್ನು ಅದೂ ಮುಗಿಯಿತು ಎಂದುಕೊಂಡೆ. ಕಾರಣದ ಚೌಕದಲ್ಲಿ ಇಂಗ್ಲಿಷಿನಲ್ಲಿ ಬರೆದೆ. "ಮಾಹಿತಿ ಸಾಕಷ್ಟಿದೆ. ಈ ಊರಿನ ಚರ್ಚಿನಲ್ಲಿ ಅಸ್ಪೃಶ್ಯರಿಗೆ ಬೇರೆ ಬಾಗಿಲಿತ್ತು ಎಂದು ಬರೆದಿದ್ದೆ. ಅದನ್ನು ಮುದ್ದಾದ ಬಾಗಿಲು ಎಂದು ತಿದ್ದಿ ಸಹಿ ಹಾಕಲು ಹೇಳಿದರು. ನಾನು ಭಾರತದಲ್ಲಿ ಅಸ್ಪೃಶ್ಯರೆಂದು ಕರೆಸಿಕೊಳ್ಳುವ ಜಾತಿಯಲ್ಲಿ ಹುಟ್ಟಿದವಳು. ಸಹಿ ಹಾಕುವುದಿಲ್ಲ." ಕೆಳಗೆ ನನ್ನ ಹೆಸರು ಬರೆದು ಕಳಿಸಿದೆ.

ಹನ್ನೊಂದೂವರೆಗೆ ಎಚ್‌ಆರ್‌ನಿಂದ ಫೋನ್ ಬಂತು. ಹನ್ನೆರಡಕ್ಕೆ ನನ್ನ ಬ್ಯಾಡ್ಜ್ ತೆಗೆದುಕೊಂಡರು. ನಕಾಶೆಗೆ ಮುನ್ನೂರ ತೊಂಬತ್ತೊಂಬತ್ತು ಹಳ್ಳಿಗಳು ಹೋದವು. ತಿಂಗಳ ಊಟದ ವಾಟ್ಸಾಪ್ ಗುಂಪಿನಿಂದಲೂ ನನ್ನನ್ನು ತೆಗೆದಿದ್ದರು. ಒದೀಲ್‌ಗೆ ನಡೆದದ್ದನ್ನೆಲ್ಲ ಬರೆಯಬೇಕಿತ್ತು. ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಎರಡು ಸಾಲು ಬರೆದು ಅಳಿಸಿದೆ. ನನಗೆ ಅಳು ಬರಲಿಲ್ಲ. ಇನ್ನು ಯಾರ ಜೊತೆ ಕನ್ನಡ ಮಾತಾಡಲಿ ಅಂತ ಮಾತ್ರ ಅನ್ನಿಸಿತು.

ಯಾರೋ ಓಡಿ ಬರುವ ಸದ್ದಾಯಿತು. ಭಾವನಾ. ಜಾಕೆಟ್ಟೂ ಹಾಕಿಕೊಂಡಿರಲಿಲ್ಲ. ಏದುಸಿರು ಬಿಡುತ್ತಾ ಪಕ್ಕದಲ್ಲಿ ಕೂತಳು.

"ಏನೇ?" ಅಂದೆ. ಸಿಟ್ಟಿನಲ್ಲೇ ಅಂದೆ. "ಬುದ್ಧಿ ಹೇಳೋಕೆ ಬಂದ್ಯಾ?"

"ಅಲ್ರಿ ಅಕ್ಕಾ."

"ಮತ್ತೆ?"

"ನೀವು ಒಳಗ ಅಂದ್ರಲ್ಲ, ಆ ಮಾತು." ಹಿಂದೆ ತಿರುಗಿ ಆಫೀಸಿನ ಕಡೆ ನೋಡಿದಳು. "ನಾನೂ ಅದ ಅಕ್ಕಾ. ನಮ್ಮಪ್ಪಾರೂ ಚಪ್ಪಲಿ ಹೊಲಿತಿದ್ರು. ಇಲ್ಲಿ ಬಂದಾಗ ಲಿಂಗಾಯತ್ರು ಅಂತ ಹೇಳೀನಿ."

ನಾಲ್ಕು ವರ್ಷ ಎದುರುಬದುರು ಮೇಜಿನಲ್ಲಿ ಕೂತಿದ್ದೆವು. ಊಟದಲ್ಲಿ ಪಕ್ಕ ಪಕ್ಕ ಕೂತಿದ್ದೆವು. ಅವಳು ಮಾಡಿದ ರೊಟ್ಟಿಯನ್ನು ವಿಜಯಶ್ರೀ ಮೇಡಂ ಎರಡೆರಡು ಸಲ ಕೇಳಿ ಹಾಕಿಸಿಕೊಂಡಿದ್ದರು. ನಗು ಬಂತು. ನಕ್ಕೆ. ನಗುತ್ತಲೇ ಅವಳ ಕೈ ಹಿಡಿದುಕೊಂಡೆ. ಮಂಜುಗಡ್ಡೆಯ ಹಾಗೆ ತಣ್ಣಗಿತ್ತು. ಒಬ್ಬಳು ಸಿಕ್ಕಳಲ್ಲ ಅಂದುಕೊಂಡೆ. ಇಷ್ಟು ವರ್ಷಕ್ಕೆ ಒಬ್ಬಳು ಸಿಕ್ಕಳು.

ಬಸ್ ಬಂತು. ಬಾಗಿಲು ತೆರೆಯಿತು. ನಾನು ಎದ್ದೆ. ಅವಳು ನನ್ನ ತೋಳು ಬಿಗಿಯಾಗಿ ಹಿಡಿದಳು.

"ಅಕ್ಕಾ, ಕೈ ಮುಗಿತೀನಿ. ಯಾರ ಮುಂದೂ ಹೇಳಬ್ಯಾಡ್ರಿ."

ಬಯ್ಯಬೇಕು ಅನ್ನಿಸಿತು. ತಬ್ಬಿಕೊಳ್ಳಬೇಕು ಅನ್ನಿಸಿತು. "ಹೇಳಲ್ಲ, ಹೋಗು. ಚಳಿ ಇದೆ," ಅಂದೆ. ಅವಳು ಅತ್ತ ಇತ್ತ ನೋಡಿ, ಕಣ್ಣು ಒರೆಸಿಕೊಂಡು, ಆಫೀಸಿನ ಕಡೆ ಬೇಗ ಬೇಗ ನಡೆದು ಹೋದಳು.

ಅವಳು ಈಗಲೂ ಅಲ್ಲೇ ಇದ್ದಾಳೆ. ತಿಂಗಳ ಊಟಕ್ಕೆ ರೊಟ್ಟಿ ಒಯ್ಯುತ್ತಾಳೆ. ನಾನು ಮಾತು ತಪ್ಪಿಲ್ಲ. ಅವಳ ಊರು ಗದಗದ ಕಡೆ ಅಲ್ಲ. ಅವಳ ಹೆಸರು ಭಾವನಾ ಅಲ್ಲ.